ಅಸ್ತಮಾ ಅಂತ ಬಂದ ಬಸುರಿ, ಸರಿಯಾಗಿ ತೆರೀದೇ ಇದ್ದ ವಾಲ್ವು: ಒಂದು ಕೇಸಿನ ಪೂರ್ತಿ ಕಥೆ

ತಾಲೂಕು ಆಸ್ಪತ್ರೆಯಲ್ಲಿ ನಾವು ನೋಡಿದ ಕೇಸು ಇದು. ಊರು, ಹೆಸರು, ಯಾವ ವರ್ಷ, ಯಾವ ಆಸ್ಪತ್ರೆ ಏನೂ ಬರೆದಿಲ್ಲ, ಗುರುತು ಸಿಗಬಾರದು ಅಂತ ಮನೆಯವರ ಒಂದೆರಡು ವಿವರ ಬದಲಾಯಿಸಿದೀನಿ. ನರ್ಸಿಂಗ್ ಓದ್ತಿರೋರು, ಆಶಾ ಕಾರ್ಯಕರ್ತೆಯರು, ಹೊಸದಾಗಿ ನೈಟ್ ಡ್ಯೂಟಿಗೆ ಬರೋ ಡಾಕ್ಟರುಗಳು ಓದ್ಲಿ ಅಂತ ಬರೀತಿದೀನಿ. ಹೃದಯ ಅಂದ್ರೆ ಪಂಪು, ರಕ್ತನ ತಳ್ಳುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ತಳ್ಳೋಕೆ ಮುಂಚೆ ಅದು ತುಂಬ್ಕೋಬೇಕು, ತುಂಬ್ಕೊಳ್ಳೋಕೆ ಟೈಮ್ ಬೇಕು ಅನ್ನೋದು ಮರೆತೇಹೋಗುತ್ತೆ. ಈ ಹುಡುಗಿ ಜೀವಕ್ಕೆ ಕುತ್ತು ಬಂದಿದ್ದೂ ಆ ಟೈಮ್ ಕಮ್ಮಿ ಆಗಿದ್ರಿಂದ, ಉಳಿದಿದ್ದೂ ಅದನ್ನ ವಾಪಸ್ ಕೊಟ್ಟಿದ್ರಿಂದ.

ಹಿನ್ನೆಲೆ

23 ವರ್ಷ, ಚೊಚ್ಚಲ ಬಸುರಿ, 26ನೇ ವಾರ. ತಾಯಿ ಕಾರ್ಡ್ ನೋಡಿದ್ರೆ ಬಿಪಿ ಇದೆ, ತೂಕ ಇದೆ, ಹಿಮೋಗ್ಲೋಬಿನ್ 8.4 ಅಂತ ಇದೆ, ಆದ್ರೆ ಎದೆ ಪರೀಕ್ಷೆ ಮಾಡಿದಾಗ ಏನು ಕೇಳಿಸ್ತು ಅನ್ನೋದು ಎಲ್ಲೂ ಇಲ್ಲ. 20ನೇ ವಾರದ ಹೊತ್ತಿಗೆ ನೀರು ತುಂಬಿದ ಬಿಂದಿಗೆ ಎತ್ತಿದ್ರೆ ಏದುಸಿರು ಶುರುವಾಗಿದೆ, ಬಸುರೀಲಿ ಇದೆಲ್ಲ ಇದ್ದದ್ದೇ ಅಂತ ಮನೇಲಿ ಸುಮ್ನಾಗಿದಾರೆ. ಆಮೇಲೆ ರಾತ್ರಿ ಹೊತ್ತು ಕೆಮ್ಮು. ಊರ ಹತ್ರದ ಒಂದು ಕ್ಲಿನಿಕ್ಕಲ್ಲಿ ತೋರಿಸಿದಾಗ ಎದೇಲಿ ಸುಯ್ ಅಂತ ಶಬ್ದ ಕೇಳಿಸಿದೆ, ಅಸ್ತಮಾ ಅಂದ್ಕೊಂಡು ನೆಬುಲೈಸೇಷನ್ ಕೊಟ್ಟು, ಶ್ವಾಸನಾಳ ಸಡಿಲ ಮಾಡೋ ಡೆರಿಫಿಲಿನ್ ಇಂಜೆಕ್ಷನ್ ಹಾಕಿದಾರೆ. ದಮ್ಮು ಹೋಗ್ಲಿಲ್ಲ ಅಂತ ಮತ್ತೆ ಮತ್ತೆ ಅದೇ ನಡೆದಿದೆ. ಕೊನೇ ಸಲ ಹೋದಾಗ ಹುಡುಗಿ ತುಂಬಾ ಸುಸ್ತಾಗಿದಾಳೆ ಅಂತ ಎರಡು ಬಾಟ್ಲಿ ಗ್ಲೂಕೋಸ್ ಬೇರೆ ಏರಿಸಿ ಕಳ್ಸಿದಾರೆ.

ಅದೇ ರಾತ್ರಿ ನಮ್ಮಲ್ಲಿಗೆ ಬಂದ್ರು. ನಾಡಿ ನಿಮಿಷಕ್ಕೆ 132, ಉಸಿರಾಟ 34, ಆಕ್ಸಿಜನ್ ಶೇ. 87, ಬಿಪಿ 104/70. ತುಟಿ ನೀಲಿ ತಿರುಗ್ತಾ ಇತ್ತು. ಬೆಡ್ ಮೇಲೆ ಎರಡೂ ಕೈ ಊರ್ಕೊಂಡು ಮುಂದಕ್ಕೆ ಬಾಗಿ ಕೂತಿದ್ಲು, ಕೆಮ್ಮಿದಾಗ ಸೆರಗಿನ ತುದೀಲಿ ತಿಳಿ ಗುಲಾಬಿ ಬಣ್ಣದ ನೊರೆ.

ಸಮಸ್ಯೆ ಎಲ್ಲಿತ್ತು

ಚೀಟಿ ಮೇಲೆ ಅಸ್ತಮಾ ಅಂತ ಬರೆದು ಕಳ್ಸಿದ್ರಿಂದ ನಮ್ಮ ಕ್ಯಾಶುವಾಲ್ಟೀಲೂ ನೆಬುಲೈಸರ್ ಮಾಸ್ಕ್ ರೆಡಿ ಮಾಡ್ತಾ ಇದ್ರು. ನಾಡಿ ನೋಡೋಕೆ ಮಲಗಿಸೋಕೆ ಹೋದ ಸಿಸ್ಟರ್ ವಾಪಸ್ ಬಂದು, "ಮೇಡಂ, ಮಲಗ್ಸಿದ್ರೆ ಮುಳುಗ್ತಿರೋರ ಥರ ಎದ್ದು ಕೂತ್ಕೋತಾಳೆ, ಒಂದ್ಸಲ ನೋಡಿ" ಅಂದ್ರು. ಅತ್ತೆಯನ್ನ ಕೇಳಿದ್ವಿ. "ರಾತ್ರಿ ಮಲಗೋದೇ ಇಲ್ಲ ಡಾಕ್ಟ್ರಮ್ಮಾ, ಗೋಡೆಗೆ ಒರಗ್ಕೊಂಡು ಕೂತೇ ಬೆಳಗು ಮಾಡ್ತಾಳೆ, ಹದಿನೈದು ದಿನ ಆಯ್ತು" ಅಂದ್ರು. ಚಿಕ್ಕೋಳಿದ್ದಾಗ ದಮ್ಮು, ಅಲರ್ಜಿ ಏನಾದ್ರೂ ಇತ್ತಾ? ಇಲ್ಲ. ಮಂಡಿ ಕೀಲು ಊದಿ ಜ್ವರ ಬಂದಿತ್ತಾ? ಅದಕ್ಕೆ ಹುಡುಗೀನೇ ತಲೆ ಆಡಿಸಿದ್ಲು, ಐದನೇ ಕ್ಲಾಸಲ್ಲಿ ಮೊದ್ಲು ಒಂದು ಮಂಡಿ, ಆಮೇಲೆ ಇನ್ನೊಂದು, ಆಮೇಲೆ ಮೊಣಕೈ ಹಿಡ್ಕೊಂಡು ತಿಂಗಳಾನುಗಟ್ಟಲೆ ಸ್ಕೂಲಿಗೆ ಹೋಗಿರ್ಲಿಲ್ಲವಂತೆ.

ಈ ಕೇಸಿನ ದಿಕ್ಕು ಬದಲಾಗಿದ್ದು ಇಲ್ಲೇ. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ರಕ್ತ ಹೋಗೋ ದಾರಿ ಒಂದ್ಸಲ ನೋಡ್ಕೋಬೇಕು.

ಹೃದಯದಲ್ಲಿ ನಾಲ್ಕು ಕೋಣೆ, ಮೇಲೆ ಎರಡು ಕೆಳಗೆ ಎರಡು. ಮೈಯೆಲ್ಲ ಸುತ್ತಿ ಆಕ್ಸಿಜನ್ ಕಳ್ಕೊಂಡ ರಕ್ತ ಬಲಗಡೆ ಮೇಲಿನ ಕೋಣೆಗೆ ಬರುತ್ತೆ, ಅಲ್ಲಿಂದ ಬಲಗಡೆ ಕೆಳಗಿನ ಕೋಣೆಗೆ, ಅದು ಶ್ವಾಸಕೋಶಕ್ಕೆ ತಳ್ಳುತ್ತೆ. ಶ್ವಾಸಕೋಶದಲ್ಲಿ ಕೂದಲಿಗಿಂತ ಸಣ್ಣ ಲೋಮನಾಳಗಳಲ್ಲಿ ಹರೀತಾ ಆಕ್ಸಿಜನ್ ತುಂಬ್ಕೊಂಡು ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳ ಮೂಲಕ ಎಡಗಡೆ ಮೇಲಿನ ಕೋಣೆಗೆ ಬರುತ್ತೆ. ಅಲ್ಲಿಂದ ಎಡಗಡೆ ಕೆಳಗಿನ ಕೋಣೆಗೆ ಇಳಿದ್ರೆ ಆ ಕೋಣೆ ಮಹಾಪಧಮನಿ ಮೂಲಕ ಇಡೀ ಮೈಗೆ ಕಳ್ಸುತ್ತೆ. ಎಡಗಡೆ ಈ ಎರಡು ಕೋಣೆ ಮಧ್ಯೆ ಬಾಗಿಲ ಥರ ಇರೋದೇ ಮೈಟ್ರಲ್ ವಾಲ್ವು. ಹೃದಯದ ನಾಲ್ಕು ವಾಲ್ವಲ್ಲಿ ಮೂರಕ್ಕೆ ಮೂರು ಮೂರು ದಳ, ಇದಕ್ಕೆ ಮಾತ್ರ ಎರಡು. ಆರೋಗ್ಯವಂತರಲ್ಲಿ ಇದು ಪೂರ್ತಿ ತೆರೆದಾಗ 4ರಿಂದ 6 ಚದರ ಸೆಂಟಿಮೀಟರ್ ದಾರಿ ಇರುತ್ತೆ.

ಚಿಕ್ಕ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಎರಡು ಮೂರು ವಾರ ಆದ್ಮೇಲೆ ಕೆಲವರಿಗೆ ಕೀಲು ಊತ, ಜ್ವರ ಬರುತ್ತಲ್ಲ, ಅದು ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರು ಮಾಡಿದ ರಕ್ಷಣೆ ತಪ್ಪಿ ತನ್ನದೇ ಹೃದಯದ ಮೇಲೆ ತಿರುಗಿ ಬೀಳುತ್ತೆ. ಕೀಲು ನೋವು ವಾಸಿಯಾಗುತ್ತೆ, ಗುರುತೂ ಉಳಿಯಲ್ಲ. ಆದ್ರೆ ವಾಲ್ವಿನ ಉರಿಯೂತ ಒಳಗೊಳಗೇ ವರ್ಷಾನುಗಟ್ಟಲೆ ಇದ್ದು, ದಳಗಳ ಅಂಚು ಒಂದಕ್ಕೊಂದು ಅಂಟ್ಕೊಂಡು, ದಪ್ಪ ಆಗಿ, ದಾರಿ ಕಿರಿದಾಗ್ತಾ ಹೋಗುತ್ತೆ. ಇವಳ ವಾಲ್ವಿನ ದಾರಿ 0.9 ಚದರ ಸೆಂಟಿಮೀಟರ್‌ಗೆ ಇಳಿದಿದೆ ಅಂತ ಆಮೇಲೆ ಎಕೋದಲ್ಲಿ, ಅಂದ್ರೆ ಹೃದಯದ ಸ್ಕ್ಯಾನಲ್ಲಿ, ಗೊತ್ತಾಯ್ತು.

ಹಾಗಾದ್ರೆ ಇಷ್ಟು ವರ್ಷ ಹೇಗೆ ಚೆನ್ನಾಗಿದ್ಲು, ಬಸುರೀಲೇ ಯಾಕೆ ಹೀಗಾಯ್ತು ಅಂತ ಎಲ್ರೂ ಕೇಳ್ತಾರೆ. ಬಸುರೀಲಿ ಮೈಯಲ್ಲಿರೋ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಜಾಸ್ತಿ ಆಗುತ್ತೆ, ಮಾಮೂಲಿಯಾಗಿ ನಿಮಿಷಕ್ಕೆ 5 ಲೀಟರ್ ಕಳ್ಸೋ ಹೃದಯ ಈಗ 7 ಲೀಟರ್ ಹತ್ತಿರ ಕಳ್ಸಬೇಕು, ಬಡಿತವೂ ನಿಮಿಷಕ್ಕೆ 10-20 ಏರುತ್ತೆ. 72ರ ಬಡಿತದಲ್ಲಿ ಒಂದೊಂದು ಬಡಿತಕ್ಕೆ ಸುಮಾರು 0.8 ಸೆಕೆಂಡು, ಅದರಲ್ಲಿ ತುಂಬ್ಕೊಳ್ಳೋಕೆ ಅಂದಾಜು 0.5 ಸೆಕೆಂಡು. ಅಂದ್ರೆ ಒಂದು ನಿಮಿಷದಲ್ಲಿ 36 ಸೆಕೆಂಡು ಮೈಟ್ರಲ್ ವಾಲ್ವು ತೆರೆದಿರುತ್ತೆ. 132ಕ್ಕೆ ಏರಿದಾಗ ಒಂದು ಬಡಿತಕ್ಕೆ ಬರೀ 0.45 ಸೆಕೆಂಡು, ತಳ್ಳೋ ಟೈಮ್ ಅಷ್ಟೊಂದು ಕಮ್ಮಿ ಆಗಲ್ಲ, ಕತ್ತರಿ ಬೀಳೋದೆಲ್ಲ ತುಂಬೋ ಟೈಮಿಗೇ, ಹಂಗಾಗಿ ಉಳಿಯೋದು 0.2 ಸೆಕೆಂಡು, ನಿಮಿಷಕ್ಕೆ ಲೆಕ್ಕ ಹಾಕಿದ್ರೆ 26 ಸೆಕೆಂಡು. ಹೋಗ್ಬೇಕಾದ ರಕ್ತ ಜಾಸ್ತಿ, ದಾರಿ ಕಾಲು ಭಾಗಕ್ಕಿಂತ ಕಮ್ಮಿ, ಟೈಮೂ ಕಮ್ಮಿ. ಇನ್ನೊಂದು ಕಷ್ಟ ಏನಂದ್ರೆ ಕಿರಿದಾದ ವಾಲ್ವಲ್ಲಿ ಹರಿವಿನ ವೇಗ ಎರಡು ಪಟ್ಟು ಆಗ್ಬೇಕಾದ್ರೆ ಒತ್ತಡ ನಾಲ್ಕು ಪಟ್ಟು ಬೇಕು.

ಆ ಒತ್ತಡವೆಲ್ಲ ಎಡಗಡೆ ಮೇಲಿನ ಕೋಣೇಲಿ ಕೂತ್ಕೊಳ್ಳುತ್ತೆ. ಆ ಕೋಣೆಗೂ ಶ್ವಾಸಕೋಶದಿಂದ ಬರೋ ಅಭಿಧಮನಿಗೂ ಮಧ್ಯೆ ಯಾವ ವಾಲ್ವೂ ಇಲ್ಲ, ಕೋಣೇಲಿ ಒತ್ತಡ ಏರಿದ್ರೆ ನೇರ ಹಿಂದಕ್ಕೆ ಶ್ವಾಸಕೋಶದ ಲೋಮನಾಳದವರೆಗೂ ಏರುತ್ತೆ. ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತು ಹೊಡೆಯುತ್ತೆ ಅಂತ ತೋರಿಸಿಕೊಟ್ಟಾಗಲೂ ಈ ಲೋಮನಾಳ ಅವರ ಕಣ್ಣಿಗೆ ಬಿದ್ದಿರ್ಲಿಲ್ಲ, ಅವರು ತೀರಿಕೊಂಡು ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನ ಮೈಕ್ರೋಸ್ಕೋಪಲ್ಲಿ ನೋಡಿ ಕಂಡುಹಿಡಿದ್ರು. ಅಷ್ಟು ತೆಳ್ಳಗಿನ ನಾಳ. ಒಳಗಿನ ಒತ್ತಡ ಸುಮಾರು 25 ಮಿ.ಮೀ. ಪಾದರಸ ದಾಟಿದ್ರೆ ನೀರಿನಂಶ ಸೋರಿ ಗಾಳಿಚೀಲಕ್ಕೆ ಇಳಿಯುತ್ತೆ. ಕೂತಾಗ ನೀರು ಕೆಳಗಿರುತ್ತೆ, ಕಾಲಲ್ಲಿರೋ ರಕ್ತವೂ ಅಷ್ಟು ಬೇಗ ಮೇಲೆ ಬರಲ್ಲ, ಮಲಗಿದ ಕೂಡ್ಲೇ ಎಲ್ಲ ಎದೆಗೆ ನುಗ್ಗುತ್ತೆ. ಗೋಡೆಗೆ ಒರಗಿ ಬೆಳಗು ಮಾಡ್ತಿದ್ದಿದ್ದು ಅದಕ್ಕೇ. ಶ್ವಾಸನಾಳದ ಗೋಡೆ ಊದಿಕೊಂಡ್ರೆ ಅಸ್ತಮಾ ಥರಾನೇ ಸುಯ್ ಶಬ್ದ ಬರುತ್ತೆ. ಅಸ್ತಮಾ ಔಷಧಿಗಳು ಹೃದಯದ ಬಡಿತ ಏರಿಸ್ತವೆ, ಅಂದ್ರೆ ಇದ್ದ ಚೂರುಪಾರು ಟೈಮನ್ನೂ ಕಿತ್ಕೊಂಡವು, ಮೇಲೆ ಎರಡು ಬಾಟ್ಲಿ ಗ್ಲೂಕೋಸ್. ಒಂದೊಂದೂ ಒಳ್ಳೇ ಮನಸ್ಸಿಂದ ಕೊಟ್ಟಿದ್ದೇ, ಆದ್ರೆ ಒಂದೊಂದೂ ಅವಳನ್ನ ಮುಳುಗೋ ಕಡೆಗೇ ತಳ್ತು.

ಏನೇನು ಮಾಡಿದ್ವಿ

ನೆಬುಲೈಸೇಷನ್ ನಿಲ್ಲಿಸಿದ್ವಿ. ಬೆಡ್ಡಿನ ತಲೆಭಾಗ ಎತ್ತಿ, ಕಾಲು ಕೆಳಗೆ ಇಳಿಬಿಟ್ಟು ಕೂರಿಸಿ ಆಕ್ಸಿಜನ್ ಹಾಕಿದ್ವಿ. ಹೃದಯದ ಕಾಯಿಲೆ ಅನ್ನೋ ಅನುಮಾನ ಬಲವಾಗಿತ್ತು, ಆದ್ರೆ ಬಡಿತ ಇಳಿಸೋ ಬೀಟಾ ಬ್ಲಾಕರ್ ಕೊಟ್ಟು ಅದು ನಿಜವಾಗ್ಲೂ ಅಸ್ತಮಾ ಆಗಿದ್ರೆ ಶ್ವಾಸನಾಳ ಇನ್ನೂ ಬಿಗೀಬಹುದು. ಅದಕ್ಕೆ ಮೊದ್ಲು ಲ್ಯಾಸಿಕ್ಸ್ 40 ಮಿಲಿಗ್ರಾಂ ನರಕ್ಕೆ ಕೊಟ್ಟು ಕ್ಯಾಥೆಟರ್ ಹಾಕಿದ್ವಿ. ಹೆಚ್ಚಿನ ನೀರನ್ನ ಮೂತ್ರದಲ್ಲಿ ತೆಗೆಯೋ ಔಷಧಿ ಅದು, ಅಸ್ತಮಾ ಆಗಿದ್ರೂ ಒಂದು ಡೋಸಿಂದ ದೊಡ್ಡ ಅಪಾಯ ಇರ್ಲಿಲ್ಲ, ಹೃದಯದ್ದಾಗಿದ್ರೆ ಕಣ್ಣೆದುರೇ ಫರಕು ಕಾಣುತ್ತೆ. ಎರಡು ರೋಗದ ಮಧ್ಯೆ ಸಿಕ್ಕಿಹಾಕ್ಕೊಂಡಾಗ ಮೊದಲ ಔಷಧಿಯನ್ನ ಹೀಗೆ ಆರಿಸಬೇಕು ಅಂತ ನಾನು ಹೊಸಬರಿಗೆ ಯಾವಾಗ್ಲೂ ಹೇಳ್ತೀನಿ.

ಒಂದು ಗಂಟೆ ಒಳಗೆ ಮೂತ್ರದ ಚೀಲ ಸುಮಾರು ತುಂಬ್ತು, ಮಾತಾಡುವಾಗ ಮಧ್ಯೆ ಮಧ್ಯೆ ನಿಲ್ಲಿಸ್ತಿದ್ದೋಳು ಒಂದು ಪೂರ್ತಿ ವಾಕ್ಯ ಹೇಳಿದ್ಲು. ನಾಡಿ 116ಕ್ಕೆ ಬಂತು. ಆಗ ಸ್ವಲ್ಪ ಎಡಕ್ಕೆ ವಾಲಿಸಿ, ಫ್ಯಾನ್ ಆಫ್ ಮಾಡ್ಸಿ, ವಾರ್ಡಲ್ಲಿ ಎಲ್ರನ್ನೂ ಸುಮ್ನಿರಿಸಿ, ಸ್ಟೆತಾಸ್ಕೋಪಿನ ಸಣ್ಣ ಬಟ್ಟಲು ಭಾಗನ ಎಡ ಮೊಲೆ ಕೆಳಗೆ ಹೃದಯದ ತುದಿ ಮಿಡಿಯೋ ಜಾಗದಲ್ಲಿ ಒತ್ತದೇ ಇಟ್ಟು ಕೇಳಿದೆ. ಒತ್ತಿದ್ರೆ ಈ ಶಬ್ದ ಕೇಳ್ಸಲ್ಲ, ಅಷ್ಟು ಕೆಳಸ್ವರದ್ದು. ಮೊದಲ ಸದ್ದು ಟಪ್ ಅಂತ ಗಟ್ಟಿಯಾಗಿ, ಎರಡನೇದಾದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಗುಡುಗಿದ ಹಾಗೆ ಗುರ್‌ಗುರ್. ಕಿರಿದಾದ ವಾಲ್ವಲ್ಲಿ ರಕ್ತ ತಳ್ಳಾಡಿಕೊಂಡು ಇಳೀವಾಗ ಬರೋ ಶಬ್ದ ಅದು. ನಾಡಿ 132 ಇದ್ದಾಗ, ಎದೆ ತುಂಬಾ ನೀರಿನ ಪಟಪಟ ಇದ್ದಾಗ ಇದನ್ನ ಹಿಡಿಯೋದು ಬಹಳ ಕಷ್ಟ, ಕ್ಲಿನಿಕ್ಕಲ್ಲಿ ತಪ್ಪಿಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ. ಇಸಿಜಿಯಲ್ಲೂ ಎಡಗಡೆ ಮೇಲಿನ ಕೋಣೆ ದೊಡ್ಡದಾದಾಗ ಬರೋ ಥರ ಪಿ ಅಲೆ ಅಗಲವಾಗಿ ಎರಡು ದಿಬ್ಬವಾಗಿತ್ತು. ಜಿಲ್ಲಾ ಕೇಂದ್ರದ ಫಿಸಿಷಿಯನ್‌ಗೆ ಫೋನ್ ಮಾಡಿ ಎಲ್ಲ ಹೇಳಿ, ಅವರು ಸರಿ ಅಂದ್ಮೇಲೆ ಮೆಟೊಪ್ರೊಲಾಲ್ ಅನ್ನೋ ಬೀಟಾ ಬ್ಲಾಕರ್ 25 ಮಿಲಿಗ್ರಾಂ ಮಾತ್ರೆ ಕೊಟ್ವಿ. ಡ್ಯೂಟೀಲಿದ್ದ ಇಂಟರ್ನ್ ಹುಡುಗ "ಮೇಡಂ, ದಮ್ಮಿರೋರಿಗೆ ಬೀಟಾ ಬ್ಲಾಕರಾ?" ಅಂತ ಕೇಳ್ದ. ಕೇಳಬೇಕಾದ ಪ್ರಶ್ನೇನೇ. ಬೆಳಗ್ಗೆ ಹೊತ್ತಿಗೆ ನಾಡಿ 92, ಆಕ್ಸಿಜನ್ 96, ಎರಡು ದಿಂಬಿಗೆ ಒರಗಿ ನಿದ್ದೆ ಹೋಗಿದ್ಲು.

ಇನ್ನೊಂದು ತಿರುವು ರಕ್ತದ ವಿಷಯದ್ದು. ಹಿಮೋಗ್ಲೋಬಿನ್ 8.4 ನೋಡಿ ಎರಡು ಬಾಟ್ಲಿ ರಕ್ತ ಹಾಕೋಣ ಅಂತ ಒಂದು ಅಭಿಪ್ರಾಯ ಬಂತು, ಅದರಲ್ಲಿ ತರ್ಕ ಇಲ್ಲ ಅಂತಲ್ಲ, ರಕ್ತ ಕಮ್ಮಿ ಇದ್ರೆ ಹೃದಯ ಅದನ್ನ ಸರಿದೂಗಿಸೋಕೆ ಇನ್ನೂ ಜೋರಾಗಿ ಬಡ್ಕೊಳ್ಳುತ್ತೆ. ಆದ್ರೆ ನಿನ್ನೆ ರಾತ್ರಿ ತಾನೆ ಎದೆಯಿಂದ ನೀರು ಇಳಿಸಿದೀವಿ, ಈಗ ಮತ್ತೆ ಅರ್ಧ ಲೀಟರ್‌ಗಿಂತ ಜಾಸ್ತಿ ದ್ರವ ಒಳಗೆ ಹಾಕಿದ್ರೆ ಅದೇ ಕಿರಿದಾದ ವಾಲ್ವಿನ ಮುಂದೆ ಸಾಲುಗಟ್ಟುತ್ತೆ. ರಕ್ತ ಬೇಡ ಅಂತ ತೀರ್ಮಾನ ಮಾಡಿ, ಕಬ್ಬಿಣದ ಅಂಶದ ಐರನ್ ಸುಕ್ರೋಸನ್ನ 100 ಎಂ.ಎಲ್. ಸಲೈನಲ್ಲಿ ನಿಧಾನಕ್ಕೆ, ದಿನ ಬಿಟ್ಟು ದಿನ ಕೊಡೋಕೆ ಶುರು ಮಾಡಿದ್ವಿ.

ಗಂಡ ಗೂಡ್ಸ್ ಟೆಂಪೋ ಓಡಿಸೋನು, ಹೊರಗೆ ಕರ್ದು, "ಮೇಡಂ, ಮಗು ತೆಗೆಸಿಬಿಟ್ರೆ ಇವಳು ಉಳೀತಾಳಾ?" ಅಂತ ಕೇಳ್ದ. 26ನೇ ವಾರದಲ್ಲಿ ತೆಗೆಸೋದೂ ಹೃದಯದ ಮೇಲೆ ಹೆರಿಗೆ ಥರಾನೇ ಭಾರ ಹಾಕುತ್ತೆ, ಅದರಿಂದ ವಾಲ್ವು ಅಗಲ ಆಗಲ್ಲ ಅಂತ ವಿವರಿಸಿದೆ. ಅವನಿಗೆ ಅರ್ಥ ಆಗಿದ್ದು ಬಸ್ಸಿನ ಉದಾಹರಣೆ ಕೊಟ್ಟಾಗ: ಸ್ಟಾಪಲ್ಲಿ ಜನ ಜಾಸ್ತಿ, ಬಸ್ಸಿನ ಬಾಗಿಲು ತುಕ್ಕು ಹಿಡಿದು ಅರ್ಧಾನೇ ತೆರೆಯುತ್ತೆ, ಡ್ರೈವರ್ ಬೇರೆ ಅವಸರದಲ್ಲಿ ನಿಲ್ಸಿದ ಹಾಗೆ ಮಾಡಿ ಹೊರಟುಬಿಡ್ತಾನೆ, ಜನ ಹೇಗೆ ಹತ್ತಬೇಕು? ನಾವು ಕೊಟ್ಟ ಮಾತ್ರೆ ಬಸ್ಸನ್ನ ಸ್ವಲ್ಪ ಹೊತ್ತು ಜಾಸ್ತಿ ನಿಲ್ಸುತ್ತೆ, ಬಾಗಿಲು ರಿಪೇರಿ ಬೆಂಗಳೂರಲ್ಲಿ ಆಗ್ಬೇಕು. "ಹಂಗಾದ್ರೆ ರಿಪೇರಿ ಮಾಡ್ಸೋಣ ಮೇಡಂ" ಅಂದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬರುತ್ತೆ ಅಂದ್ಮೇಲೆ ದುಡ್ಡಿನ ಚಿಂತೇನೂ ಅರ್ಧ ಇಳೀತು. 108ರಲ್ಲಿ ಕೂರಿಸಿಕೊಂಡೇ, ಜೊತೆಗೆ ಸಿಸ್ಟರನ್ನ ಕಳ್ಸಿ, ರೆಫರಲ್ ಚೀಟಿ ಮೇಲೆ "ಮಲಗಿಸಬೇಡಿ, ಡ್ರಿಪ್ ಓಡಿಸಬೇಡಿ" ಅಂತ ದೊಡ್ಡಕ್ಷರದಲ್ಲಿ ಬರ್ದು ಕಳ್ಸಿದ್ವಿ.

ಏನಾಯ್ತು

ಮೆಡಿಕಲ್ ಕಾಲೇಜಲ್ಲಿ ಎಕೋ ಆಗಿ, ಅಲ್ಲಿಂದ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗೆ ಹೋದ್ಲು. ಎಡಗಡೆ ಮೇಲಿನ ಕೋಣೇಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಅನ್ನನಾಳದ ಕಡೆಯಿಂದ ಎಕೋ ಮಾಡಿ ನೋಡಿದಾರೆ, ಇರ್ಲಿಲ್ಲ. ವಾಲ್ವಿನ ದಳಗಳು ಇನ್ನೂ ಮೃದುವಾಗಿದ್ವು, ಬಲೂನಿಗೆ ಒಗ್ಗುತ್ತೆ ಅಂತ ತೀರ್ಮಾನ ಆಯ್ತು.

ಈ ಬಲೂನ್ ವಿಧಾನ ಜಪಾನಿನ ಕಾಂಜಿ ಇನೊಯೆ ಅನ್ನೋ ಸರ್ಜನ್‌ದು, 1984ರಲ್ಲಿ ಪ್ರಕಟ ಮಾಡಿದ್ರು. ಎದೆ ಸೀಳಲ್ಲ. ತೊಡೆಸಂದಿನ ಅಭಿಧಮನಿಯಿಂದ ತೆಳ್ಳಗಿನ ಕೊಳವೆ ತೂರಿಸಿ ಬಲಗಡೆ ಮೇಲಿನ ಕೋಣೆಗೆ ಹೋಗ್ತಾರೆ, ಆದ್ರೆ ಮೈಟ್ರಲ್ ವಾಲ್ವು ಇರೋದು ಎಡಗಡೆ, ಹಾಗಾಗಿ ಎರಡು ಕೋಣೆ ಮಧ್ಯದ ಗೋಡೇಲಿ ತೆಳ್ಳಗಿರೋ ಒಂದು ಗುಳಿ ಹುಡುಕಿ ಸೂಜಿಯಿಂದ ಚುಚ್ಚಿ ಆಚೆ ದಾಟ್ತಾರೆ. ಆ ಗುಳಿ ಯಾವುದು ಗೊತ್ತಾ? ನಾವೆಲ್ಲ ತಾಯಿ ಹೊಟ್ಟೇಲಿದ್ದಾಗ ಅಲ್ಲೊಂದು ದಾರಿ ತೆರೆದಿರುತ್ತೆ, ಹೊಟ್ಟೆಯೊಳಗಿನ ಮಗು ಉಸಿರಾಡಲ್ಲವಲ್ಲ, ಆಕ್ಸಿಜನ್ ಬರೋದು ಹೊಕ್ಕುಳಬಳ್ಳಿಯಿಂದ, ಅದಕ್ಕೆ ರಕ್ತ ಶ್ವಾಸಕೋಶ ಬಿಟ್ಟು ಬಲದಿಂದ ಎಡಕ್ಕೆ ನೇರವಾಗಿ ದಾಟುತ್ತೆ. ಹುಟ್ಟಿ ಮೊದಲ ಉಸಿರು ಎಳ್ಕೊಂಡ್ಮೇಲೆ ಅದು ಮುಚ್ಕೊಳ್ಳುತ್ತೆ, ಗುಳಿ ಉಳಿಯುತ್ತೆ. ತಾಯಿ ಹೃದಯದಲ್ಲಿ ಮುಚ್ಚಿಹೋಗಿದ್ದ ಆ ಜಾಗಾನ ಡಾಕ್ಟರು ಚುಚ್ಚಿ ದಾಟ್ತಾ ಇರುವಾಗ, ಒಂದು ಗೇಣು ಕೆಳಗೆ ಮಗುವಿನ ಹೃದಯದಲ್ಲಿ ಅದೇ ದಾರಿ ತೆರೆದೇ ಇತ್ತು. ನನಗೆ ಇದು ಎಷ್ಟು ಸಲ ನೆನೆಸ್ಕೊಂಡ್ರೂ ಮೈ ಜುಂ ಅನ್ನುತ್ತೆ.

ಹೊಟ್ಟೆ ಸುತ್ತ ಸೀಸದ ಹೊದಿಕೆ ಹಾಕಿ, ಎಕ್ಸ್‌ರೇ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಬಳಸಿ ಮಾಡಿದ್ರಂತೆ. ಬಲೂನನ್ನ ವಾಲ್ವಿನ ಮಧ್ಯೆ ಇಟ್ಟು ಕೆಲವೇ ಸೆಕೆಂಡು ಊದಿಸಿ ಇಳಿಸಿದ್ರು, ಅಂಟಿಕೊಂಡಿದ್ದ ಅಂಚು ಬಿಟ್ಕೊಂಡ್ವು. ದಾರಿ 0.9ರಿಂದ 1.7 ಚದರ ಸೆಂಟಿಮೀಟರ್ ಆಯ್ತು, ಮೇಲಿನ ಕೋಣೆಯ ಒತ್ತಡ 29ರಿಂದ 13ಕ್ಕೆ ಇಳೀತು. ಮಾಮೂಲಿ ವಾಲ್ವಿನ ಅರ್ಧವೂ ಅಲ್ಲ, ಆದ್ರೂ ಆ ರಾತ್ರಿ ಹುಡುಗಿ ಒಂದೇ ದಿಂಬಲ್ಲಿ ಮಲಗಿದ್ಲು.

ಇಲ್ಲಿಗೆ ಅಪಾಯ ಮುಗೀತು ಅಂತ ಮನೆಯವರು ಅಂದ್ಕೊಂಡಿದ್ರು. ಹೆರಿಗೆ ಊರಲ್ಲೇ ಮಾಡ್ಸೋಣ ಅಂದ್ರು, ನಾವು ಒಪ್ಪಲಿಲ್ಲ. ಮಗು ಹೊರಗೆ ಬಂದ ಕೂಡ್ಲೇ ಗರ್ಭಕೋಶ ಬಿಗಿಯಾಗಿ ಹಿಂಡ್ಕೊಳ್ಳುತ್ತೆ, ಅದರಲ್ಲಿದ್ದ ಸುಮಾರು ಅರ್ಧ ಲೀಟರ್ ರಕ್ತ ಒಮ್ಮೆಲೇ ಹೃದಯದ ಕಡೆ ಬರುತ್ತೆ, ಅದರ ಜೊತೆಗೆ ಹೊಟ್ಟೆಯ ದೊಡ್ಡ ಅಭಿಧಮನಿ ಮೇಲೆ ಮಗುವಿನ ಭಾರ ಇತ್ತಲ್ಲ, ಅದೂ ಹೋಗಿ ಕಾಲಿನ ರಕ್ತವೂ ಸರಾಗವಾಗಿ ಏರುತ್ತೆ. ಮಗು ಹುಟ್ಟಿದ ಸಂತೋಷದಲ್ಲಿ ಎಲ್ರೂ ಮಗು ಕಡೆ ತಿರುಗಿರ್ತಾರೆ, ಈ ಥರ ತಾಯಂದಿರ ಎದೇಲಿ ನೀರು ತುಂಬೋದು ಅದೇ ಹೊತ್ತಿಗೆ.

38ನೇ ವಾರದಲ್ಲಿ ಮೆಡಿಕಲ್ ಕಾಲೇಜಲ್ಲಿ ನಾರ್ಮಲ್ ಹೆರಿಗೆ ಆಯ್ತು. ಬೆನ್ನಿಗೆ ಎಪಿಡ್ಯೂರಲ್ ಕೊಟ್ಟು ನೋವು ಕಮ್ಮಿ ಮಾಡಿದ್ರು, ನೋವು ಕಮ್ಮಿ ಆದ್ರೆ ಬಡಿತವೂ ಹತೋಟೀಲಿ. ಕೊನೇಲಿ ಮುಕ್ಕಲಿಕ್ಕೆ ಬಿಡದೆ ವ್ಯಾಕ್ಯೂಮ್ ಹಾಕಿದ್ರು. ರಕ್ತಸ್ರಾವ ತಡೆಯೋಕೆ ಕೆಲವು ಕಡೆ ಕೊಡೋ ಮೆಥರ್ಜಿನ್ ಇಂಜೆಕ್ಷನ್ನನ್ನ ಬೇಕಂತ್ಲೇ ದೂರ ಇಟ್ರು, ಅದು ರಕ್ತನಾಳ ಬಿಗಿ ಮಾಡಿ ಒತ್ತಡ ಏರಿಸುತ್ತೆ, ಬದಲಿಗೆ ಆಕ್ಸಿಟೋಸಿನ್ ನಿಧಾನಕ್ಕೆ ಹನಿಯಾಗಿ. ಹೆರಿಗೆ ಆದ ತಕ್ಷಣ ಲ್ಯಾಸಿಕ್ಸ್, ಎರಡು ದಿನ ಐಸಿಯು ನಿಗಾ. ಹೆಣ್ಣು ಮಗು, 2.6 ಕೆ.ಜಿ.

ಈ ಕೇಸಿಂದ ನಮ್ಮಲ್ಲಿ ಏನು ಬದಲಾಯ್ತು

ಈಗ ನಮ್ಮ ಬಸುರಿ ಓಪಿಡೀಲಿ ಮೊದಲ ಭೇಟಿಯಲ್ಲೇ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳ್ಸಿದ್ದನ್ನ ಕಾರ್ಡಲ್ಲಿ ಬರೆಯೋದು ಕಡ್ಡಾಯ. ಆಶಾ ಅವರಿಗೆ ಮನೆ ಭೇಟಿಯಲ್ಲಿ "ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀಯಮ್ಮಾ?" ಅಂತ ಕೇಳೋಕೆ ಹೇಳಿದೀವಿ. ಬಸುರಿಯರಿಗೆ ಕೆಲಸ ಮಾಡಿದಾಗ ಏದುಸಿರು ಬರೋದು ಮಾಮೂಲಿ, ಮಲಗಿದ್ರೆ ಉಸಿರು ಕಟ್ಟೋದು, ಕೆಮ್ಮಲ್ಲಿ ರಕ್ತ ಕಾಣೋದು ಮಾಮೂಲಿ ಅಲ್ಲ. ಮೊದ್ಲು ಯಾವತ್ತೂ ಇಲ್ಲದ ದಮ್ಮು ಬಸುರೀಲಿ ಶುರುವಾದ್ರೆ, ನೆಬುಲೈಸೇಷನ್ ಕೊಟ್ಟಷ್ಟೂ ಜಾಸ್ತಿ ಆದ್ರೆ, ಅಸ್ತಮಾ ಅನ್ನೋದನ್ನ ಪಕ್ಕಕ್ಕಿಟ್ಟು ಹೃದಯ ನೋಡ್ಬೇಕು. ಸುಸ್ತಿಗೆ ಗ್ಲೂಕೋಸ್ ಬಾಟ್ಲಿ ಏರ್ಸೋ ಅಭ್ಯಾಸದ ಬಗ್ಗೆ ನನಗೆ ಮೊದಲಿಂದ್ಲೂ ಸಿಟ್ಟಿದೆ. ಬಾಟ್ಲಿ ಹಾಕಿಸ್ಕೊಂಡ್ರೆ ಶಕ್ತಿ ಬರುತ್ತೆ ಅಂತ ಜನ ಕೇಳ್ತಾರೆ, ಕೇಳಿದ್ರು ಅಂತ ಹಾಕ್ತಾರೆ, ಇಂಥ ಹೃದಯಕ್ಕೆ ಅದು ಪ್ರಾಣಾಂತಿಕ.

ಮಕ್ಕಳ ಗಂಟಲು ನೋವಿಗೂ ಇದಕ್ಕೂ ನೇರ ಸಂಬಂಧ ಇದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಜ್ವರದ ಜೊತೆ ಜೋರು ಗಂಟಲು ನೋವು ಬಂದ್ರೆ ಡಾಕ್ಟರ ಹತ್ರ ತೋರಿಸಿ, ಅವರು ಆಂಟಿಬಯೋಟಿಕ್ ಬರೆದುಕೊಟ್ರೆ ಕೋರ್ಸ್ ಪೂರ್ತಿ ಮುಗಿಸಬೇಕು. ಕೀಲಿಂದ ಕೀಲಿಗೆ ಓಡಾಡೋ ಊತ ಬಂದ್ರೆ "ಬೆಳೆಯೋ ಮಕ್ಕಳು, ಹಂಗೇ" ಅಂತ ಬಿಡದೆ ಎಕೋ ಮಾಡಿಸಬೇಕು. ಐದನೇ ಕ್ಲಾಸಲ್ಲೇ ಇವಳಿಗೆ ಪೆನಿಸಿಲಿನ್ ಶುರುವಾಗಿದ್ರೆ ವಾಲ್ವು ಇಷ್ಟು ಹಾಳಾಗೋದು ಬಹುಪಾಲು ತಪ್ತಿತ್ತು.

ರುಮ್ಯಾಟಿಕ್ ಜ್ವರ ಮತ್ತೆ ಬರಬಾರದು ಅಂತ ಈಗ ಅವಳು ಮೂರು ವಾರಕ್ಕೊಮ್ಮೆ ನಮ್ಮಲ್ಲೇ ಬೆಂಜಥೈನ್ ಪೆನಿಸಿಲಿನ್ 12 ಲಕ್ಷ ಯೂನಿಟ್ ಹಾಕಿಸ್ಕೋತಾಳೆ. ಮೊದಲ ಸಲ ಅಲರ್ಜಿ ಇದೆಯಾ ಅಂತ ಟೆಸ್ಟ್ ಡೋಸ್ ಹಾಕಿ ನೋಡಿದ್ವಿ. ಮಂದ ಔಷಧಿ, ಸಣ್ಣ ಸೂಜೀಲಿ ಕಟ್ಕೊಳ್ಳುತ್ತೆ, ಚೆನ್ನಾಗಿ ಕುಲುಕಿ ದಪ್ಪ ಸೂಜೀಲಿ ನಿಧಾನಕ್ಕೆ ಕೊಡ್ಬೇಕು, ನೋವಂತೂ ಇದ್ದೇ ಇರುತ್ತೆ, ನೋವಿಗೆ ಹೆದರಿ ತಪ್ಪಿಸಿಕೊಳ್ಳೋರೇ ಜಾಸ್ತಿ. ಕಮ್ಮಿ ಅಂದ್ರೂ 40 ವರ್ಷ ವಯಸ್ಸಾಗೋವರೆಗೆ ಹಾಕಿಸ್ಕೋಬೇಕು ಅಂತ ಅವಳಿಗೂ ಗಂಡನಿಗೂ ಹೇಳಿದೀವಿ. ವಾಲ್ವು ಮತ್ತೆ ಕಿರಿದಾಗಬಹುದು, ಅದಕ್ಕೆ ವರ್ಷಕ್ಕೊಂದು ಎಕೋ. ಸದ್ಯಕ್ಕೆ ಕಾಪರ್ ಟಿ ಹಾಕಿದೆ, ಈಸ್ಟ್ರೋಜನ್ ಇರೋ ಗುಳಿಗೆ ರಕ್ತ ಹೆಪ್ಪುಗಟ್ಟಿಸೋ ಅಪಾಯ ಇರೋದ್ರಿಂದ ಬೇಡ ಅಂದಿದೀವಿ. ಇನ್ನೊಂದು ಮಗು ಬೇಕು ಅನ್ನಿಸಿದ್ರೆ ಮೊದ್ಲು ಎಕೋ ರಿಪೋರ್ಟ್ ಹಿಡ್ಕೊಂಡು ಹೃದಯದ ಡಾಕ್ಟರ ಹತ್ರ ಹೋಗಿ, ಅವರು ಸೈ ಅಂದ್ಮೇಲೇನೇ ಕಾಪರ್ ಟಿ ತೆಗೆಸೋದು.